ಹೆಸರು ಬದಲಾದರೆ ಫಾರ್ಮ್ ಕೆಡಬಾರದು

ಸಿಇಟಿ ಸಮಯ ಬಂತೆಂದರೆ ನಮ್ಮ ಮೋರಖಂಡಿಯ ವಿದ್ಯಾರ್ಥಿಗಳು ಅರ್ಜಿ ತುಂಬಲು ಬಸವಕಲ್ಯಾಣದ ಕಂಪ್ಯೂಟರ್ ಸೆಂಟರ್‌ಗಳಿಗೆ ಓಡುತ್ತಾರೆ. ಆ ಅರ್ಜಿಯಲ್ಲಿ ನಮಗೆ ಮುಖ್ಯವಾದ ಕಾಲಂ 371 (ಜೆ). 2013ರಿಂದ ಜಾರಿಯಲ್ಲಿರುವ ಈ ಮೀಸಲಾತಿಯಿಂದಲೇ ನಮ್ಮ ಭಾಗದ ಎಷ್ಟೋ ಮಕ್ಕಳಿಗೆ ಎಂಜಿನಿಯರಿಂಗ್, ಮೆಡಿಕಲ್ ಸೀಟು ಸಿಗುತ್ತಿದೆ. ಫಾರ್ಮ್ ಬರೆಯುವವರು ಎಡವಿದರೆ ಪೆಟ್ಟು ಬೀಳುವುದು ಇಂಥವರಿಗೇ.

ಯಾವುದೇ ವೆಬ್ ಫಾರ್ಮ್‌ಗೆ ಎರಡು ಭಾಗ. ಕಣ್ಣಿಗೆ ಕಾಣುವ ಅಕ್ಷರ, ಬಣ್ಣ, ಬಟನ್ ಒಂದು. ಅರ್ಜಿದಾರ ಅರ್ಹನೇ ಎಂದು ತೀರ್ಮಾನಿಸುವ ನಿಯಮ ಇನ್ನೊಂದು. ಇವೆರಡನ್ನು ಒಂದೇ ಕಡೆ ಕಲಸಿದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಪ್ರದೇಶದ ಹೆಸರೇ ಉದಾಹರಣೆ.

2019ರಲ್ಲಿ ಹೈದರಾಬಾದ್ ಕರ್ನಾಟಕ ‘ಕಲ್ಯಾಣ ಕರ್ನಾಟಕ’ವಾಯಿತು. ಹೆಸರು ಬದಲಾಯಿತೇ ಹೊರತು ಹಕ್ಕು ಬದಲಾಗಲಿಲ್ಲ. ಆದರೆ ‘ಹೈದರಾಬಾದ್ ಕರ್ನಾಟಕ ಎಂದಿದ್ದರೆ ಮಾತ್ರ ಅರ್ಹ’ ಎಂದು ಕೋಡ್ ಬರೆದಿದ್ದರೆ? ಪರದೆಯ ಮೇಲೆ ಹೊಸ ಹೆಸರು ಹಾಕಿದ ದಿನವೇ ಎಲ್ಲರೂ ಅನರ್ಹರು! ಎಚ್‌ಟಿಎಂಎಲ್‌ನ ಆಪ್ಷನ್ ಟ್ಯಾಗ್‌ನಲ್ಲಿ ಇದಕ್ಕೆ ಪರಿಹಾರವಿದೆ. ಕಾಣುವ ಪದ ಒಂದು, ಸರ್ವರ್‌ಗೆ ಹೋಗುವ ವ್ಯಾಲ್ಯೂ ಇನ್ನೊಂದು ಇರಬಹುದು. ಪದ ಬದಲಾದರೂ ವ್ಯಾಲ್ಯೂ ಹಾಗೇ ಉಳಿಯುತ್ತದೆ.

2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಗಿ, ಈ ಭಾಗದ ಜಿಲ್ಲೆಗಳು ಆರರಿಂದ ಏಳಾದವು. ಇದು ಬರೀ ಹೆಸರಿನ ಮಾತಲ್ಲ, ಪಟ್ಟಿಯೇ ಬದಲಾಯಿತು. ಜಿಲ್ಲೆಗಳ ಪಟ್ಟಿ ಡೇಟಾಬೇಸ್‌ನಲ್ಲಿ ಒಂದೇ ಕಡೆ ಇದ್ದರೆ ಒಂದು ಸಾಲು ಸೇರಿಸಿದರೆ ಮುಗಿಯಿತು. ಹತ್ತು ಪುಟಗಳಲ್ಲಿ ಹರಡಿದ್ದರೆ ಒಂದು ಪುಟ ಮರೆತರೂ ಹೊಸಪೇಟೆಯ ಹುಡುಗಿಗೆ ಸೀಟು ತಪ್ಪಬಹುದು.

ನಮ್ಮ ಬೀದರ್ ಕಡೆ ಮನೆಮಾತು ಕನ್ನಡ, ಮರಾಠಿ, ಉರ್ದು ಹೀಗೆ ಹಲವು. ನಿಯಮ ಬೇರೆ ಇದ್ದರೆ ಭಾಷೆಗೊಂದು ಲೇಬಲ್ ಫೈಲ್ ಸಾಕು. ಬಲದಿಂದ ಎಡಕ್ಕೆ ಸಾಗುವ ಉರ್ದುವಿಗೆ ಪುಟದ ದಿಕ್ಕು ಬದಲಿಸಿದರೂ ಅರ್ಹತೆಯ ಕೋಡ್ ಮುಟ್ಟಬೇಕಿಲ್ಲ. ‘ಇನ್‌ವ್ಯಾಲಿಡ್’ ಎಂಬ ಒಣ ಪದದ ಬದಲು ‘ಪ್ರಮಾಣಪತ್ರದ ಸಂಖ್ಯೆ ಸರಿಯಿಲ್ಲ’ ಎಂದು ಅವರವರ ಭಾಷೆಯಲ್ಲೇ ತಿಳಿಸಬಹುದು.

ಇನ್ನೊಂದು ಎಚ್ಚರ: ಬ್ರೌಸರ್‌ನಲ್ಲಿ ನಡೆಯುವ ತಪಾಸಣೆ ತುಂಬುವವರ ಅನುಕೂಲಕ್ಕಷ್ಟೇ. ಅದನ್ನು ಯಾರು ಬೇಕಾದರೂ ತಪ್ಪಿಸಬಹುದು. ಕೊನೆಯ ತೀರ್ಮಾನ ಸರ್ವರ್‌ನಲ್ಲೇ ಆಗಬೇಕು.

ಮಿನಿ ಪ್ರಾಜೆಕ್ಟ್ ಮಾಡುತ್ತಿರುವ ಗೆಳೆಯರೇ, ನಿಮ್ಮ ಫಾರ್ಮ್‌ನ ಎಲ್ಲ ಲೇಬಲ್‌ಗಳನ್ನೂ ಒಮ್ಮೆ ಬದಲಿಸಿ ನೋಡಿ. ಆಗಲೂ ಲೆಕ್ಕ ತಪ್ಪದಿದ್ದರೆ ನಿಮ್ಮ ವಿನ್ಯಾಸ ಸರಿಯಿದೆ ಎಂದರ್ಥ.