ನೀರಿನ ಜಾಡು ಹಿಡಿದು

ಶಿರಸಿಗೆ ಬಂದವರು ಮಾರಿಕಾಂಬೆಗೆ ಕೈಮುಗಿದು ಜೋಗಕ್ಕೋ ಯಾಣಕ್ಕೋ ಬಸ್ಸು ಹತ್ತುತ್ತಾರೆ. ಪೇಟೆಯಲ್ಲಿಯೇ ಇರುವ ಶಂಕರಹೊಂಡದ ಕಡೆಗೆ ತಿರುಗಿ ನೋಡುವವರು ಕಡಮೆ. ಅಘನಾಶಿನಿಯ ಎರಡು ಮೂಲಗಳಲ್ಲಿ ಇದೊಂದು, ಇನ್ನೊಂದು ಮಂಜುಗುಣಿಯಲ್ಲಿದೆ. ಇಲ್ಲಿಯ ನೀರು ಘಟ್ಟವಿಳಿದು ಕುಮಟೆಯ ಬಳಿ ಪಡುಗಡಲನ್ನು ಸೇರುತ್ತದೆ. ಇದೇ ಊರಿನಿಂದ ಸುಮಾರು 23 ಕಿ.ಮೀ. ದೂರದ ಬನವಾಸಿಯಲ್ಲಿ ಹರಿಯುವ ವರದೆಯಾದರೋ ತುಂಗಭದ್ರೆಯನ್ನು ಕೂಡಿ, ಕೃಷ್ಣೆಯ ಮೂಲಕ ಮೂಡುಗಡಲಿಗೆ ಹೋಗುವವಳು. ಒಂದೇ ಮೋಡ ಸುರಿಸಿದ ಮಳೆ ಎರಡು ಕಡಲುಗಳಿಗೆ ಹಂಚಿಹೋಗುವ ಈ ಸೀಮೆಯನ್ನು ನೋಡಬೇಕಾದರೆ ನೀರಿನ ಜೊತೆಗೇ ಹೊರಡಬೇಕು ಎಂದು ನನಗೆ ಹೊಳೆದದ್ದು ಆ ಹೊಂಡದ ಮೆಟ್ಟಿಲ ಮೇಲೆ ಕುಳಿತಿದ್ದಾಗ.

ಬನವಾಸಿಗೆ ಸೈಕಲ್ಲೇ ಸಾಕು. ಕಾಡು ಮೆಲ್ಲನೆ ಹಿಂದೆ ಸರಿದು ಗದ್ದೆಗಳೂ ಅನಾನಸಿನ ತೋಟಗಳೂ ಎದುರಾಗುತ್ತವೆ. ಕದಂಬರ ರಾಜಧಾನಿ, ಪಂಪನ ಮೆಚ್ಚಿನ ನಾಡು ಎಂದು ಶಾಲೆಯಲ್ಲಿ ಓದಿದ್ದೆವಷ್ಟೆ. ಆದರೆ ಮಧುಕೇಶ್ವರನ ಗುಡಿಯಲ್ಲಿ ನನ್ನನ್ನು ನಿಲ್ಲಿಸಿದ್ದು ಅವರಿಗಿಂತಲೂ ಹಿಂದಿನ ಒಂದು ನಾಗಶಿಲೆ. ಐದು ಹೆಡೆಯ ಆ ಹಾವಿನ ಎಡಬಲಗಳಲ್ಲಿ ಪ್ರಾಕೃತದ ಬರಹವಿದೆ. ಶಿವಸ್ಕಂದನಾಗಶ್ರೀ ಎಂಬ ರಾಜಕುಮಾರಿ ನಾಗನನ್ನೂ ಕೆರೆಯನ್ನೂ ವಿಹಾರವನ್ನೂ ದಾನ ಮಾಡಿದಳೆಂದೂ, ಕಲ್ಲನ್ನು ಕಡೆದವನು ದಾಮೋರಕನ ಶಿಷ್ಯನಾದ ನಾಟಕನೆಂದೂ ಅದು ಹೇಳುತ್ತದೆ. ಉಳಿಯ ಕೆಲಸದವನ ಹೆಸರು, ಅವನ ಗುರುವಿನ ಹೆಸರು ಇಷ್ಟು ಶತಮಾನ ಉಳಿದು ಬಂದಿವೆ! ದಾನಗಳಲ್ಲಿ ಕೆರೆಯೂ ಇತ್ತೆಂಬುದನ್ನು ಮರೆಯಲಾಗದು.

ಸೋದೆಯ ಕಡೆ ಹೊರಟರೆ ದಾರಿಯ ಸ್ವಭಾವವೇ ಬೇರೆ. ಶಾಲ್ಮಲೆಯ ಪಾತ್ರದ ಬಂಡೆಗಳ ಮೇಲೆ ಕೆತ್ತಿರುವ ಸಹಸ್ರಲಿಂಗಗಳು ಹೊಳೆಯ ಅಪ್ಪಣೆಯಿಲ್ಲದೆ ಕಾಣಸಿಗುವುದಿಲ್ಲ. ಮಳೆಗಾಲವೆಲ್ಲ ಅವು ನೀರಿನೊಳಗೆ. ನೀರಿಳಿದ ಮೇಲೆ ಒಂದೊಂದಾಗಿ ಲಿಂಗ, ನಂದಿ ಮೇಲೇಳುತ್ತವೆ. ಶಿವರಾತ್ರಿಗೆ ಜನ ಬರುತ್ತಾರೆ. ಸೋದೆಯ ಅರಸರ ಕಾಲದ ಕೆಲಸವೆನ್ನುವರು. ಬಾಗಿಲು ಹಾಕುವ ತೆಗೆಯುವ ಕಾವಲುಗಾರನ ಕೆಲಸವನ್ನು ಹೊಳೆಗೇ ಬಿಟ್ಟ ಇಂಥ ದೇಗುಲವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಸಿದ್ದಾಪುರದ ಕಡೆ ಅಘನಾಶಿನಿಯನ್ನು ಹಿಡಿದವರು ಸೈಕಲ್ಲನ್ನು ಯಾರದಾದರೂ ಮನೆಯ ಅಂಗಳದಲ್ಲಿಟ್ಟು ನಡೆಯಬೇಕು. ದಣಪೆ ಸರಿಸಿದರೆ ಸೊಪ್ಪಿನ ಬೆಟ್ಟ. ಬೆಟ್ಟವಿಳಿದರೆ ಅಡಿಕೆಯ ತೋಟ. ತೋಟದ ಕೊನೆಗೆ ಹಳ್ಳ. ಹಳ್ಳಕ್ಕೆ ಅಡಿಕೆ ಮರದ ಸಂಕ. ತೋಟಕ್ಕೆ ಸೊಪ್ಪು ಬೆಟ್ಟದಿಂದ ಬರಬೇಕು, ನೀರು ಹಳ್ಳದಿಂದ ಬರಬೇಕು. ಇವುಗಳ ನಡುವೆ ತಲೆಹೊರೆ ಹೊತ್ತವರು ಸವೆಸಿದ್ದೇ ಇಲ್ಲಿಯ ಕಾಲುದಾರಿ. ವಿಹಾರಕ್ಕೆಂದು ಯಾರೂ ಮಾಡಿದ್ದಲ್ಲ. ಉಂಬಳಗಳಿಗೆ ಒಂದಿಷ್ಟು ರಕ್ತದಾನ ಮಾಡಿ ನಾನು ಮನೆಯೊಂದರ ಜಗುಲಿ ಸೇರಿದಾಗ ಯಜಮಾನರು ಹೆಸರು ಕೇಳುವ ಮೊದಲು ಕೇಳಿದ್ದು, “ಆಸರಿಗೆ ಏನು ಬೇಕು?” ಎಂದು.

ಬೆಲ್ಲ ನೀರು ಕುಡಿದು ಮುಂದಿನ ದಾರಿ ಕೇಳಿದೆ. “ಆಚೆಯ ಸಂಕ ಈ ವರ್ಷ ಹಾಕಲಿಲ್ಲ ಮಾರಾಯರೆ. ಆಚೆ ಮೂರು ಮನೆ ಇದ್ದವು. ಈಗ ಎಲ್ಲರೂ ಬೆಂಗಳೂರು. ಸಂಕ ದಾಟುವವರು ಯಾರು?” ಎಂದರು. ಸಂಕದ ಆಯುಸ್ಸು ಒಂದೆರಡು ಮಳೆಗಾಲ. ಪ್ರತಿ ಸಲವೂ ಯಾರೋ ಮರ ಹೊತ್ತು ತಂದು ಹಾಕಬೇಕು. ಹಾಕದಿದ್ದರೆ ದಾರಿಯೇ ಇಲ್ಲ. ಬನವಾಸಿಯ ಕಲ್ಲಿಗೆ ಇಂಥ ಅಂಜಿಕೆ ಇಲ್ಲ.

ಸುತ್ತುಬಳಸಿ ಉಂಚಳ್ಳಿಗೆ ಹೋದೆ. 116 ಮೀಟರಿನ ಆ ಧುಮುಕನ್ನು 1845ರಲ್ಲಿ ಲಷಿಂಗ್ಟನ್ ಎಂಬ ಕಲೆಕ್ಟರ್ ಸಾಹೇಬ ‘ಕಂಡುಹಿಡಿದ’ನಂತೆ! ಹಗಲಿರುಳು ಅದರ ಭೋರ್ಗರೆತ ಕೇಳುತ್ತಿದ್ದ ಊರವರು ಕಿವಿ ಕಿವುಡಾಗುತ್ತದೆಂದು ಅದನ್ನು ಕೆಪ್ಪ ಜೋಗ ಎಂದಿದ್ದರು. ಹೆಸರಿಡುವ ವಿದ್ಯೆಯಲ್ಲಿ ಊರವರೇ ಮೇಲು.

ಕೊನೆಗೆ ಯಲ್ಲಾಪುರ. ಬೇಡ್ತಿಯು ಮಾಗೋಡಿನಲ್ಲಿ ಹಂತಹಂತವಾಗಿ ಸುಮಾರು 200 ಮೀಟರು ಇಳಿಯುತ್ತದೆ. ಕೆಳಗೆ ಹೋಗಿ ಗಂಗಾವಳಿಯೆನಿಸುತ್ತದೆ. ಈ ಕಾಡುಗಳಲ್ಲಿ ಸಿದ್ದಿ ಜನರ ಊರುಗಳಿವೆ. ಅವರ ಪೂರ್ವಜರಲ್ಲಿ ಹಲವರು ಆಫ್ರಿಕದಿಂದ ತಂದ ಗುಲಾಮರಾಗಿದ್ದು, ಗೋವೆಯಿಂದ ತಪ್ಪಿಸಿಕೊಂಡು ಈ ಕಾಡು ಸೇರಿದರೆಂದು ಹೇಳುತ್ತಾರೆ. ಕಾಲುದಾರಿಯೆಂಬುದು ಅವರಿಗೆ ಬಿಡುಗಡೆಯೇ ಆಗಿತ್ತು.

ಜೇನುಕಲ್ಲುಗುಡ್ಡದ ಮೇಲೆ ನಿಂತು ಕಣಿವೆಯನ್ನು ನೋಡುತ್ತಿದ್ದಾಗ ಜೊತೆಗಿದ್ದ ತರುಣ ಮೇಷ್ಟರು ಬೇಡ್ತಿಯನ್ನು ವರದೆಗೆ ಜೋಡಿಸುವ ಯೋಜನೆಯ ಮಾತೆತ್ತಿದರು. ಹಲವು ವರ್ಷಗಳಿಂದ ನಡೆದಿರುವ ಮಾತು. ಶಿರಸಿ ಯಲ್ಲಾಪುರಗಳ ಜನ ವಿರೋಧಿಸುತ್ತ ಬಂದಿದ್ದಾರೆ. ಬಯಲುಸೀಮೆಯ ಬಾಯಾರಿಕೆಯೂ ಸುಳ್ಳಲ್ಲ, ಅದನ್ನು ಹಗುರವಾಗಿ ಕಾಣಬಾರದು. ಆದರೂ ಪಡುವಣಕ್ಕೆ ಹೊರಟ ಹೊಳೆಯನ್ನು ಮೂಡಣಕ್ಕೆ ತಿರುಗಿಸುವವರು ಮೊದಲು ಒಂದು ಸಲ ಅದರ ದಂಡೆಯಲ್ಲಿ ನಡೆದಾರೆಯೆ? ನಾನು ಹಾಗೆಂದಾಗ ಮೇಷ್ಟರು ನಕ್ಕು, “ದಂಡೆಗೆ ಹೋಗುವ ದಾರಿಯನ್ನೇ ಈಗ ಕೇಳಿ ತಿಳಿಯಬೇಕು” ಎಂದರು. ಮರುದಿನ ಬೆಳಗ್ಗೆ ಅವರ ಶಾಲೆಯ ಹುಡುಗರಿಬ್ಬರು ಕತ್ತಿ ಹಿಡಿದು ಮುಂದೆ ಮುಂದೆ ಮುಳ್ಳು ಸವರುತ್ತ ನಮ್ಮನ್ನು ಹೊಳೆಗೆ ಇಳಿಸಿದರು.