ವಿದ್ಯಾಋಣದ ವಿಕ್ರಯ

ಋಷಿಋಣವು ಅಧ್ಯಯನದಿಂದ ತೀರತಕ್ಕುದೆಂಬುದು ನಮ್ಮ ಪೂರ್ವಿಕರ ಮತ. ಅದನ್ನು ಒಬ್ಬನು ಮತ್ತೊಬ್ಬನಿಗೆ ಮಾರುವ ಪ್ರಸಕ್ತಿಯೇ ಇರಲಿಲ್ಲ. ಈಗಿನ ವಿದ್ಯಾಸಾಲವಾದರೋ ಹಣದ ಋಣ, ಪತ್ರಾರೂಢವಾದುದು, ಆದುದರಿಂದಲೇ ವಿಕ್ರಯಯೋಗ್ಯವೂ ಆಗಿದೆ. ಸರ್ಕಾರವಾಗಲಿ, ಸರ್ಕಾರದ ಒಡೆತನದ ಬ್ಯಾಂಕಾಗಲಿ ಕೊಟ್ಟ ಇಂತಹ ಸಾಲವು ಖಾಸಗಿಯವರ ಕೈಸೇರಿದರೆ ವಿದ್ಯಾರ್ಥಿಯ ಪಾಲಿಗೆ ಏನು ಬದಲಾಗುವುದೆಂಬುದನ್ನು ಇಲ್ಲಿ ವಿಚಾರಮಾಡಬಹುದು.

ಯಾದಗಿರಿಯ ನೆರೆಯ ಚಿತ್ತಾಪುರದ ಬಳಿ ನಾಗಾವಿಯೆಂಬ ಸ್ಥಳವಿದೆ. ಅಲ್ಲಿಯ ಘಟಿಕಾಸ್ಥಾನದಲ್ಲಿ ಇನ್ನೂರು ಮಂದಿ ವೇದವಿದ್ಯಾರ್ಥಿಗಳೂ ಆರು ಮಂದಿ ಸರಸ್ವತೀ ಭಂಡಾರಿಗರೂ ಇದ್ದರೆಂದು ೧೦೫೮ರ ಶಾಸನದಿಂದ ತಿಳಿದುಬರುತ್ತದೆ. ಅವರ ನಿರ್ವಾಹವು ದತ್ತಿಯಿಂದ ನಡೆಯುತ್ತಿತ್ತು. ಇಂದು ಅದೇ ಸೀಮೆಯ ರಾಮಸಮುದ್ರದಂತಹ ಗ್ರಾಮದಿಂದ ದೂರದ ಕಾಲೇಜಿಗೆ ಹೋಗುವ ಬಡ ಒಕ್ಕಲಿನ ಮಕ್ಕಳಿಗೆ ದತ್ತಿಯು ಸಾಲದೆಡೆಯಲ್ಲಿ ಬ್ಯಾಂಕೇ ಆಶ್ರಯ. ಬ್ಯಾಂಕುಗಳ ಮಾದರಿ ಯೋಜನೆಯಂತೆ ೪ ಲಕ್ಷ ರೂಪಾಯಿಗಳವರೆಗೆ ಆಸ್ತಿಯ ಅಡವು ಬೇಕಾಗಿಲ್ಲ. ವ್ಯಾಸಂಗದ ಕಾಲದಲ್ಲಿಯೂ ಆಮೇಲಣ ಒಂದು ವರ್ಷದಲ್ಲಿಯೂ ಕಂತು ಕಟ್ಟಬೇಕಾಗಿಲ್ಲ.

ಸಾಲವು ಕೈಬದಲಾಗುವ ಮಾರ್ಗಗಳು ಎರಡು. ೨೦೧೭ನೆಯ ಏಪ್ರಿಲ್ ೧ರಂದು ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ಈ ಸೀಮೆಯಲ್ಲಿ ಅದರಿಂದ ಸಾಲ ಪಡೆದಿದ್ದವರ ಧನಿಯ ಹೆಸರು ಬದಲಾಯಿತು. ಆದರೆ ಹೊಸ ಧನಿಯೂ ಸಾರ್ವಜನಿಕ ಬ್ಯಾಂಕೇ ಆಗಿತ್ತು. ಎರಡನೆಯ ಮಾರ್ಗವೇ ವಿಕ್ರಯ. ಅದೇ ದಿನ ಲೀನವಾದ ತಿರುವಾಂಕೂರಿನ ಸ್ಟೇಟ್ ಬ್ಯಾಂಕು ಅದಕ್ಕೆ ಮುಂಚೆಯೇ ಬಾಕಿಬಿದ್ದ ವಿದ್ಯಾಸಾಲಗಳನ್ನು ಖಾಸಗಿ ಆಸ್ತಿ ಪುನರ್ರಚನಾ ಕಂಪೆನಿಗೆ ಮಾರಿದ್ದಿತು.

ಇದಕ್ಕೆ ಆಧಾರವು ಸರ್ಫೇಸಿಯೆಂದು ಪ್ರಸಿದ್ಧವಾದ ೨೦೦೨ರ ಕಾಯಿದೆ. ಅದರ ೫ನೆಯ ಪ್ರಕರಣದಂತೆ ಅಂತಹ ಕಂಪೆನಿಯು ಬ್ಯಾಂಕಿನ ಸಾಲವನ್ನು ಕೊಂಡು ಬ್ಯಾಂಕಿನ ಸ್ಥಾನದಲ್ಲಿ ನಿಲ್ಲುತ್ತದೆ. ೬ನೆಯ ಪ್ರಕರಣದ ಮಾತು ಗಮನಾರ್ಹವಾದುದು: ಬ್ಯಾಂಕು ಉಚಿತವೆಂದು ಕಂಡರೆ ಸಾಲಗಾರನಿಗೆ ತಿಳಿವಳಿಕೆ ಕೊಡಬಹುದು. ಕೊಡಲೇಬೇಕೆಂದಿಲ್ಲ. ಕರಾರಿನ ಅಕ್ಷರಗಳು ಹಾಗೆಯೇ ಉಳಿಯುತ್ತವೆ. ಅವಧಿಯನ್ನು ವಿಸ್ತರಿಸುವ, ಬಡ್ಡಿಯನ್ನು ಬಿಡುವ, ಕಷ್ಟಕಾಲದಲ್ಲಿ ತಾಳಿಕೊಳ್ಳುವ ವಿವೇಚನೆ ಮಾತ್ರ ಕೊಂಡವನ ಪಾಲಾಗುತ್ತದೆ. ಬಡವನಿಗೆ ಕರಾರಿಗಿಂತ ಈ ವಿವೇಚನೆಯೇ ದೊಡ್ಡದು.

ಇಂಗ್ಲೆಂಡಿನ ನಿದರ್ಶನವು ಇದನ್ನು ಸ್ಪಷ್ಟಪಡಿಸುತ್ತದೆ. ೨೦೧೩ರಲ್ಲಿ ಅಲ್ಲಿಯ ಸರ್ಕಾರವು ೮೯ ಕೋಟಿ ಪೌಂಡುಗಳ ಹಳೆಯ ವಿದ್ಯಾಸಾಲಗಳನ್ನು ೧೬ ಕೋಟಿಗೆ ಮಾರಿತು. ವಸೂಲಿಯೂ ಕೊಂಡವರ ಕೈಸೇರಿತು; ಕಂತಿನ ಮುಂದೂಡಿಕೆಯ ವಿಷಯದಲ್ಲಿ ದೂರುಗಳು ಹುಟ್ಟಿದುವು. ೨೦೧೭ರಲ್ಲಿ ಸುಮಾರು ೩೫೦ ಕೋಟಿ ಪೌಂಡುಗಳ ಸಾಲಗಳು ೧೭೦ ಕೋಟಿಗೆ ಮಾರಲ್ಪಟ್ಟುವು. ಈ ಸಲ ವಸೂಲಿಯು ಹಿಂದಿನ ಸರ್ಕಾರೀ ವ್ಯವಸ್ಥೆಯಲ್ಲಿಯೇ ಉಳಿದುದರಿಂದ ಸಾಲಗಾರರ ನಿತ್ಯವ್ಯವಹಾರವು ಬದಲಾಗಲಿಲ್ಲ. ಮುಂದಿನ ವಿಕ್ರಯಗಳನ್ನು ೨೦೨೦ರಲ್ಲಿ ಸರ್ಕಾರವೇ ಕೈಬಿಟ್ಟಿತು. ಸಾಲದ ಒಡೆತನಕ್ಕಿಂತ ವಸೂಲಿಯ ಒಡೆತನವೇ ವಿದ್ಯಾರ್ಥಿಗೆ ಹೆಚ್ಚು ಮುಖ್ಯವೆಂಬುದು ಇದರಿಂದ ವಿದಿತವಾಗುವುದು.

ವಿಕ್ರಯವನ್ನು ಸಮರ್ಥಿಸುವವರ ವಾದದಲ್ಲಿಯೂ ಹುರುಳಿದೆ. ಎಲ್ಲ ಸಾಲವೂ ಹಿಂದಿರುಗಿ ಬರತಕ್ಕುದಲ್ಲ. ಬೆಲೆಯು ತಗ್ಗುವುದು ಸಹಜ. ಕೈಗೆ ಬಂದ ಹಣವನ್ನು ಬ್ಯಾಂಕು ಮತ್ತೊಬ್ಬ ವಿದ್ಯಾರ್ಥಿಗೆ ಕೊಡಬಹುದು. ಆದರೆ ನೂರು ರೂಪಾಯಿಯ ಸಾಲವನ್ನು ಐವತ್ತಕ್ಕೆ ಬಿಟ್ಟರೆ ಆ ಐವತ್ತರ ರಿಯಾಯಿತಿಯು ಕೊಂಡವನಿಗೆ ದೊರೆಯುವುದು; ವಿದ್ಯಾರ್ಥಿಯ ತಲೆಯ ಮೇಲೆ ನೂರೂ ನಿಂತಿರುವುದು. ಕೊಳ್ಳುವವನಿಗೆ ತೋರಿದ ಔದಾರ್ಯವನ್ನು ಓದಿದವನಿಗೇ ಮೊದಲು ತೋರಬಾರದೇಕೆ? ಮಾರುವ ಮೊದಲು ತಿಳಿವಳಿಕೆ ಕೊಡುವುದು, ಅದೇ ಬೆಲೆಗೆ ಋಣಮುಕ್ತನಾಗಲು ಸಾಲಗಾರನಿಗೆ ಅವಕಾಶವೀಯುವುದು, ವಸೂಲಿಯನ್ನು ಸಾರ್ವಜನಿಕ ಹಸ್ತದಲ್ಲಿ ಉಳಿಸುವುದು—ಈ ಮೂರೂ ನಿಯಮಗಳಾಗದಿದ್ದರೆ ವಿದ್ಯೆಗಾಗಿ ಕೊಟ್ಟ ಸಾಲಕ್ಕೂ ಸರಕಿಗಾಗಿ ಕೊಟ್ಟ ಸಾಲಕ್ಕೂ ಭೇದವುಳಿಯದು.