ಪಾಪರ್ ಚೀಟಿಯ ಆಚೆಗೆ

ಕನ್ನಡ ದಿನಪತ್ರಿಕೆಯ ಒಳಪುಟದಲ್ಲಿ ಟೆಂಡರು, ಹರಾಜು, ಕಳೆದುಹೋದ ಅಂಕಪಟ್ಟಿಗಳ ನಡುವೆ ಆಗೊಮ್ಮೆ ಈಗೊಮ್ಮೆ ಒಂದು ಪ್ರಕಟಣೆ ಬರುತ್ತದೆ. ಮೇಲೆ ‘ನಮೂನೆ ಎ’, ಕೆಳಗೆ ಒಂದು ಕಂಪನಿಯ ಹೆಸರು, ಒಂದು ಕೋಷ್ಟಕ, ಒಂದು ಕೊನೆಯ ದಿನಾಂಕ. ಅಕ್ಷರ ಸಣ್ಣದು, ಕನ್ನಡ ಕ್ಲಿಷ್ಟ. ಹೆಚ್ಚಿನವರು ಪುಟ ತಿರುವಿಬಿಡುತ್ತಾರೆ. ಆದರೆ ಆ ಕಂಪನಿಗೆ ದೊಡ್ಡಬಳ್ಳಾಪುರದಿಂದ ಮಾಲು ಕಳಿಸಿ ಬಿಲ್ಲಿನ ಹಣಕ್ಕೆ ಕಾಯುತ್ತಿರುವವರಿಗೆ, ದಾಬಸ್‌ಪೇಟೆಯ ಶೆಡ್ಡಿನಲ್ಲಿ ಅದಕ್ಕಾಗಿ ದುಡಿದು ಸಂಬಳ ಕಾಣದವರಿಗೆ ಆ ದಿನದ ಪತ್ರಿಕೆಯಲ್ಲಿ ಅದಕ್ಕಿಂತ ದೊಡ್ಡ ಸುದ್ದಿ ಬೇರೆ ಇಲ್ಲ.

ಆ ಪ್ರಕಟಣೆಯ ಹಿಂದಿರುವುದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ. ವಕೀಲರ ಬಾಯಲ್ಲಿ ಎನ್‌ಸಿಎಲ್‌ಟಿ. 2016ರ ಜೂನ್ 1ರಂದು ಸ್ಥಾಪನೆಯಾದ ಈ ಮಂಡಳಿಯ ಬೆಂಗಳೂರು ಪೀಠಕ್ಕೆ ಇಡೀ ಕರ್ನಾಟಕ ಸೇರಿದೆ. ಅದೇ ವರ್ಷದ ಮೇ 28ರಂದು ರಾಷ್ಟ್ರಪತಿಯವರ ಅಂಕಿತ ಪಡೆದ ದಿವಾಳಿ ಸಂಹಿತೆಯ ಕಂಪನಿಗಳ ಭಾಗ ಡಿಸೆಂಬರ್ 1ರಿಂದ ಜಾರಿಗೆ ಬಂತು. ಬಾಕಿ ತೀರಿಸಲಾಗದ ಕಂಪನಿ ಈ ಪೀಠದ ಮುಂದೆ ಬರುತ್ತದೆ. ಅರ್ಜಿ ಅಂಗೀಕಾರವಾದೊಡನೆ ಆಡಳಿತ ಮಂಡಳಿಯ ಅಧಿಕಾರ ಅಮಾನತಾಗಿ, ಲಗಾಮು ನ್ಯಾಯಮಂಡಳಿ ನೇಮಿಸುವ ಪರಿಹಾರ ವೃತ್ತಿಪರರ ಕೈಗೆ ಹೋಗುತ್ತದೆ. ವಸೂಲಿ ದಾವೆಗಳು ಅಲ್ಲಲ್ಲೇ ನಿಲ್ಲುತ್ತವೆ. ಕಂಪನಿಯನ್ನು ಉಳಿಸಿ ನಡೆಸುವವರು ಯಾರಾದರೂ ಸಿಗುತ್ತಾರೆಯೇ ಎಂದು ಹುಡುಕಲು 180 ದಿನ. ಏನೇ ವಿಸ್ತರಣೆ ಸಿಕ್ಕರೂ 330 ದಿನದೊಳಗೆ ಮುಗಿಯಬೇಕೆಂಬುದು ಕಾನೂನಿನ ಆಶಯ. ಯಾರೂ ಸಿಗದಿದ್ದರೆ ಮಾತ್ರ ಆಸ್ತಿ ಮಾರಿ ಹಂಚುವ ಸಮಾಪನೆ.

ನಮ್ಮ ಆಡುಮಾತು ಇಲ್ಲಿ ದಾರಿ ತಪ್ಪಿಸುತ್ತದೆ. ‘ಪಾಪರ್ ಎದ್ದ’, ‘ಪಾಪರ್ ಚೀಟಿ ತಗೊಂಡ’, ‘ದಿವಾಳಿ ಆಯ್ತು’ ಎಂದರೆ ನಮಗೆ ಎಲ್ಲ ಮುಗಿದಂತೆ. ಬಾಕಿ ಕಟ್ಟಲಾಗದ ಸ್ಥಿತಿ, ಉಳಿಸುವ ಪ್ರಯತ್ನ, ಕೊನೆಗೆ ಮುಚ್ಚುವುದು, ಈ ಮೂರಕ್ಕೂ ಒಂದೇ ಮಾತು. ಮೂರನ್ನೂ ಬೇರೆಬೇರೆಯಾಗಿ ನೋಡುವುದೇ ಹೊಸ ಕಾನೂನಿನ ಜೀವಾಳ. ಕಂಪನಿ ದಿವಾಳಿಯಂತೆ ಎಂದು ಕೇಳಿ ಕೈಚೆಲ್ಲಿ ಕೂತವರು, ಹಣ ಕೇಳಬೇಕಾದ ಹೊತ್ತಿನಲ್ಲೇ ಸುಮ್ಮನಿದ್ದುಬಿಡುತ್ತಾರೆ.

ದೇವನಹಳ್ಳಿಯ ರನ್‌ವೇಯನ್ನೇ ನೋಡಿ. ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಶುರುವಾದ ಮೇಲೆ ಅಲ್ಲಿಂದ ಹಾರಿದ ಮೂರು ವಿಮಾನ ಕಂಪನಿಗಳು ಇಂದಿಲ್ಲ. ಬೆಂಗಳೂರಿನದೇ ಆದ ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿತು. ಹಳೆಯ ಕಾನೂನಿನಡಿ ಕರ್ನಾಟಕ ಹೈಕೋರ್ಟ್ ಅದರ ಸಮಾಪನೆಗೆ ಆದೇಶ ಮಾಡಿದ್ದು 2016ರ ನವೆಂಬರ್‌ನಲ್ಲಿ. ನಾಲ್ಕು ವರ್ಷ ಕಳೆದಿತ್ತು. ಜೆಟ್ ಏರ್‌ವೇಸ್ ನಿಂತದ್ದು 2019ರ ಏಪ್ರಿಲ್‌ನಲ್ಲಿ. ಎರಡು ತಿಂಗಳಲ್ಲೇ ಮುಂಬೈ ಪೀಠ ಅರ್ಜಿ ಅಂಗೀಕರಿಸಿತು. ಆದರೆ ಅಷ್ಟು ಬೇಗ ಶುರುವಾದ ಕತೆ ಮುಗಿದದ್ದು 2024ರ ನವೆಂಬರ್‌ನಲ್ಲಿ, ಸುಪ್ರೀಂ ಕೋರ್ಟ್ ಸಮಾಪನೆಗೆ ಆದೇಶಿಸಿದಾಗ. ಗೋ ಫಸ್ಟ್ 2023ರ ಮೇನಲ್ಲಿ ತಾನೇ ಅರ್ಜಿ ಹಾಕಿಕೊಂಡಿತು, 2025ರ ಜನವರಿಯಲ್ಲಿ ಅದರ ಸಮಾಪನೆಗೆ ಆದೇಶವಾಯಿತು. ಬಾಗಿಲು ಬೇಗ ತೆರೆಯುತ್ತದೆ, ಒಳಗೆ ನಡೆಯುವುದು ಮಾತ್ರ ಇನ್ನೂ ನಿಧಾನ. ಈ ಕಾನೂನಿನ ದೊಡ್ಡ ಕೊರತೆ ಇದೇ ಎಂದು ನನ್ನ ಅಭಿಪ್ರಾಯ.

ಜೆಟ್ ಪ್ರಕರಣ ಕಾನೂನು ತರಗತಿಗಳಿಗೆ ಇನ್ನೊಂದು ಪಾಠವನ್ನೂ ಕೊಟ್ಟಿದೆ. ನೆದರ್‌ಲ್ಯಾಂಡ್ಸ್‌ನ ನ್ಯಾಯಾಲಯವೂ ಅದನ್ನು ದಿವಾಳಿ ಎಂದು ಘೋಷಿಸಿತ್ತು. ಗಡಿಯಾಚೆಯ ದಿವಾಳಿಗೆ ನಮ್ಮಲ್ಲಿ ಆಗ ಪೂರ್ಣ ಕಾನೂನೇ ಇರಲಿಲ್ಲ. ಆದರೂ ಇಲ್ಲಿನ ವೃತ್ತಿಪರರೂ ಅಲ್ಲಿನ ಆಡಳಿತಾಧಿಕಾರಿಯೂ ಕೂತು ಒಪ್ಪಂದ ಬರೆದರು. ಮೇಲ್ಮನವಿ ನ್ಯಾಯಮಂಡಳಿ 2019ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಇಂಥ ವಿಷಯದಲ್ಲಿ ದೇಶದೇಶಗಳ ವಿದ್ವಾಂಸರು ಕೂತು ಮಾತಾಡುವುದು ಬರೀ ಔಪಚಾರಿಕತೆಯಾಗಿ ಉಳಿದಿಲ್ಲ. ಸಂಹಿತೆಗೆ ತಳಹದಿ ಹಾಕಿದ ಟಿ.ಕೆ. ವಿಶ್ವನಾಥನ್ ಸಮಿತಿ 2015ರಲ್ಲಿ ವರದಿ ಕೊಡುವ ಮೊದಲು ಬೇರೆ ದೇಶಗಳ ಪದ್ಧತಿಗಳನ್ನು ತೂಗಿ ನೋಡಿತ್ತು. ಅಮೆರಿಕದಲ್ಲಿ ಹಳೆಯ ಆಡಳಿತವೇ ಕುರ್ಚಿಯಲ್ಲಿ ಉಳಿದು ಸಾಲ ಹೊಂದಿಸಬಹುದು. ನಾವು ಸಾಲ ಕೊಟ್ಟವರ ಸಮಿತಿಯನ್ನು ನೆಚ್ಚಿದೆವು. ಯಾವುದು ಸರಿ ಎಂಬ ಚರ್ಚೆ ಮುಗಿದಿಲ್ಲ. ದಿವಾಳಿ ಮಂಡಳಿ ಐಬಿಬಿಐ ಜತೆಗೂಡಿ ಐಐಎಂಗಳು ನಡೆಸುವ ಅಂತರರಾಷ್ಟ್ರೀಯ ಸಂಶೋಧನಾ ಸಮ್ಮೇಳನ 2022ರಲ್ಲಿ ಅಹಮದಾಬಾದಿನಲ್ಲಿ, ಮರುವರ್ಷ ನಮ್ಮ ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ಸೇರಿತ್ತು.

ಬೆಂಗಳೂರು ಪೀಠವನ್ನು ಮನೆಮನೆಗೆ ಪರಿಚಯಿಸಿದ್ದು ಆನ್‌ಲೈನ್ ಪಾಠದ ಕಂಪನಿ ಬೈಜೂಸ್. ಕ್ರಿಕೆಟ್ ಮಂಡಳಿಯ 158.9 ಕೋಟಿ ರೂಪಾಯಿ ಬಾಕಿಗಾಗಿ 2024ರ ಜುಲೈನಲ್ಲಿ ಅರ್ಜಿ ಅಂಗೀಕಾರವಾಯಿತು. ಆಗಸ್ಟ್‌ನಲ್ಲಿ ಚೆನ್ನೈನ ಮೇಲ್ಮನವಿ ಪೀಠ ಇಬ್ಬರ ರಾಜಿಗೆ ಒಪ್ಪಿತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಒಮ್ಮೆ ಅರ್ಜಿ ಅಂಗೀಕಾರವಾದರೆ ವ್ಯಾಜ್ಯ ಇಬ್ಬರದಾಗಿ ಉಳಿಯುವುದಿಲ್ಲ, ಬಾಕಿ ಬರಬೇಕಾದ ಎಲ್ಲರೂ ಆ ಪಂಕ್ತಿಯಲ್ಲಿ ಕೂತಿರುತ್ತಾರೆ.

ಪಂಕ್ತಿಯಲ್ಲಿ ನಮ್ಮವರ ಎಲೆ ಎಲ್ಲಿ? ಅರ್ಜಿ ಹಾಕಲು ಕನಿಷ್ಠ ಒಂದು ಕೋಟಿ ಬಾಕಿ ಇರಬೇಕು. 2020ರ ಮಾರ್ಚ್‌ಗೆ ಮುಂಚೆ ಅದು ಒಂದು ಲಕ್ಷವಿತ್ತು. ಹನ್ನೆರಡು ಲಕ್ಷ ಬರಬೇಕಾದ ಸಣ್ಣ ಘಟಕ ಒಂಟಿಯಾಗಿ ಆ ಬಾಗಿಲು ತಟ್ಟಲಾರದು. ಆದರೆ ಬೇರೆ ಯಾರೋ ತಟ್ಟಿ ಬಾಗಿಲು ತೆರೆದರೆ, ಎಷ್ಟೇ ಸಣ್ಣ ಮೊತ್ತವಾಗಲಿ, ಹಕ್ಕು ಸಲ್ಲಿಸಬಹುದು. ಮಾಲು ಕೊಟ್ಟವರಿಗೆ ನಮೂನೆ ಬಿ, ಕೆಲಸಗಾರರಿಗೆ ನಮೂನೆ ಡಿ. ಸಮಾಪನೆಯಾದರೆ ಕಾರ್ಮಿಕರ 24 ತಿಂಗಳ ಬಾಕಿ, ಅಡಮಾನ ಬಿಟ್ಟುಕೊಟ್ಟ ಬ್ಯಾಂಕಿನ ಸಾಲದ ಸಮಸಮಕ್ಕೆ ನಿಲ್ಲುತ್ತದೆ. ಅವರ ಭವಿಷ್ಯನಿಧಿ, ಪಿಂಚಣಿ, ಗ್ರಾಚ್ಯುಟಿ ನಿಧಿಯ ಹಣವನ್ನು ಹಂಚಿಕೆಯ ಆಸ್ತಿಗೆ ಸೇರಿಸುವಂತಿಲ್ಲ. ಮಾಲು ಕೊಟ್ಟವರ ಸರದಿ ಮಾತ್ರ ಬಹಳ ಕೆಳಗೆ, ಸಾಲ ಕೊಟ್ಟವರ ಸಮಿತಿಯಲ್ಲಿ ಸಾಮಾನ್ಯವಾಗಿ ಮತವೂ ಇಲ್ಲ. ದೊಡ್ಡಬಳ್ಳಾಪುರದಂಥ ಮಗ್ಗದ ಊರುಗಳಿಗೆ ಇದು ನ್ಯಾಯವೆನಿಸುವುದಿಲ್ಲ, ನನಗೂ ಅನಿಸುವುದಿಲ್ಲ.

ಈ ತಕರಾರು ಸಮ್ಮೇಳನಗಳಿಗೆ ಮುಟ್ಟಬೇಕಾದರೆ ಕನ್ನಡದಲ್ಲಿ ಪರೀಕ್ಷೆ ಬರೆಯುವ ಕಾನೂನು ವಿದ್ಯಾರ್ಥಿಗಳು ಅಲ್ಲಿ ಕೂರಬೇಕು. ನೆಲಮಂಗಲ, ಹೊಸಕೋಟೆಯ ಕೈಗಾರಿಕಾ ಸಂಘಗಳು ತಮ್ಮ ಲೆಕ್ಕದ ಪುಸ್ತಕ ಹಿಡಿದು ವಿದ್ವಾಂಸರನ್ನು ಊರಿಗೆ ಕರೆಯಬೇಕು.

ಅಲ್ಲಿಯವರೆಗೆ ನಿಮ್ಮಲ್ಲಿ ಒಂದು ವಿನಂತಿ. ನಿಮಗೆ ಬಾಕಿ ಇರುವ ಕಂಪನಿಯ ಹೆಸರು ‘ನಮೂನೆ ಎ’ಯಲ್ಲಿ ಕಂಡರೆ ಪತ್ರಿಕೆಯನ್ನು ರದ್ದಿಗೆ ಹಾಕಬೇಡಿ. ಮಧ್ಯಂತರ ಪರಿಹಾರ ವೃತ್ತಿಪರರ ನೇಮಕವಾದ ದಿನದಿಂದ ಹಕ್ಕು ಸಲ್ಲಿಸಲು ಇರುವುದು 14 ದಿನ. ತಡವಾದರೂ ಕಾರಣ ಕೊಟ್ಟು ಕೇಳಲು ಅವಕಾಶವಿದೆ. ವಕೀಲರೇ ಬೇಕೆಂದಿಲ್ಲ, ಬಿಲ್ಲು, ಸಂಬಳದ ಚೀಟಿಯ ಪ್ರತಿಗಳನ್ನು ಲಗತ್ತಿಸಿ ಅಂಚೆಯಲ್ಲೂ ಕಳಿಸಬಹುದು.